ಒಂದಂಗುಲ ಗಿಡ್ಡ ತೋಳು

ಕುವಾಹರಾ ತಾಮೊತ್ಸು ಅವರ ಎಡ ಮಣಿಕಟ್ಟು ಚಳಿಗಾಲವಿಡೀ ಬರಿದಾಗಿಯೇ ಇರುತ್ತದೆ. ಕಡಲಿನಿಂದ ಬೀಸುವ ಗಾಳಿಗೆ ಜಪಾನಿನ ಈ ಕೊಜಿಮಾ ಊರಿನ ಜನರೆಲ್ಲ ಕೈಗಳನ್ನು ಜೇಬಿಗೆ ತುರುಕಿಕೊಂಡು ನಡೆಯುವ ಜನವರಿಯಲ್ಲಿಯೂ, ಎಪ್ಪತ್ತಾರರ ಈ ವೃದ್ಧರು ಹಳೆಯ ಮಾದರಿಯ ಹಸುರು ಸೈನಿಕ ಜಾಕೆಟ್ಟು ತೊಟ್ಟು, ಬಲಗೈ ಬೆಚ್ಚಗೆ, ಎಡ ಮಣಿಕಟ್ಟು ಒಂದಂಗುಲ ಹೊರಗೆ, ಎದುರು ಬಂದವರ ಮುಖಕ್ಕಿಂತ ಮೊದಲು ಅವರ ಭುಜದ ಹೊಲಿಗೆಯನ್ನು ನೋಡುತ್ತ ತುಸು ಬಾಗಿ ಬರುತ್ತಾರೆ. ನನ್ನ ಮದುವೆಯಲ್ಲಿ ಹರಸಲು ಬಂದವರು ನನ್ನ ಕೋಟಿನ ಕಾಲರನ್ನು ಹೆಬ್ಬೆರಳಿನ ಉಗುರಿನಿಂದ ಅಳೆದು, "ಅಂಗುಲಕ್ಕೆ ಎಂಟೇ ಹೊಲಿಗೆ. ಇರಲಿ, ಹುಡುಗಿ ಚೆನ್ನಾಗಿದಾಳೆ" ಎಂದಿದ್ದರು.

ಅವರ ಕಸುಬು ನಕಲು ಮಾಡುವುದು. ಹಾಗೆಂದರೆ ಅವರಿಗೆ ಬೇಸರವಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸಿಪಾಯಿಗಳು ತೊಟ್ಟ ಜಾಕೆಟ್ಟುಗಳನ್ನು ಬಟ್ಟೆಯ ನೇಯ್ಗೆಯಿಂದ ಗುಂಡಿಯ ಕಣ್ಣಿನವರೆಗೆ ಯಥಾವತ್ತಾಗಿ ಮತ್ತೆ ಹೊಲಿಯುವುದರಲ್ಲಿ ಅವರ ನಲವತ್ತು ವರ್ಷ ಸವೆದಿದೆ. ನಾನು ಅವರ ಬೀದಿಯಲ್ಲೇ ನೂಲಿಗೆ ಬಣ್ಣ ಹಾಕುವವನು. ಒಂದು ಹಸುರಿಗಾಗಿ ಹನ್ನೊಂದು ಸಲ ನನ್ನನ್ನು ಹಿಂದಕ್ಕೆ ಕಳಿಸಿದ ಪುಣ್ಯಾತ್ಮರು.

"ಕುವಾಹರಾ ಸಾನ್, ಈ ನೂಲು ಜೇಬಿನ ಒಳಗಡೆ ಹೋಗತ್ತೆ. ಯಾರಿಗೆ ಕಾಣತ್ತೆ?" ಎಂದು ರೇಗಿದ್ದೆ.

"ಜೇಬು ಹರಿದ ದಿನ ಕಾಣತ್ತೆ" ಎಂದರು.

ಶತ್ರುವಿನ ಉಡುಪಿನ ಮೇಲೆ ಇಷ್ಟು ವ್ಯಾಮೋಹವೇಕೆ ಎಂದು ಒಮ್ಮೆ, ಅವರ ಮನೆಯಲ್ಲಿ ಆಕ್ಟೋಪಸ್ ಬೆರೆಸಿದ ಅನ್ನ ಉಣ್ಣುತ್ತ ಕೇಳಿದೆ. ಯುದ್ಧದಲ್ಲಿ ಸೋತ ವರ್ಷದ ಚಳಿಗಾಲದಲ್ಲಿ ಅವರಿಗೆ ಆರು ವರ್ಷ. ಸಿಪಾಯಿಯೊಬ್ಬನ ಜಾಕೆಟ್ಟು ಹೇಗೋ ತಾಯಿಯ ಕೈಸೇರಿತು. ಆಕೆ ಅದರ ತೋಳುಗಳನ್ನು ಒಳಕ್ಕೆ ಮಡಿಚಿ ಹೊಲಿದು ಮಗನಿಗೆ ತೊಡಿಸಿದಳು. ಮಗ ಬೆಳೆದಂತೆ ವರ್ಷಕ್ಕೊಂದು ಮಡಿಕೆ ಬಿಚ್ಚಿದಳು. "ಅದ್ರಲ್ಲಿ ಅಂದಕ್ಕೆ ಅಂತ ಹಾಕಿದ ಹೊಲಿಗೆ ಒಂದೂ ಇರ್ಲಿಲ್ಲ. ಯಾರಿಗೋ ಚಳಿ ಆಗತ್ತೆ ಅಂತ ಗೊತ್ತಿದ್ದೋರು ಹೊಲಿದಿದ್ರು" ಎಂದರು.

ಅವರಿಗೆ ಎರಡು ವ್ರತಗಳಿದ್ದವು. ಒಂದು, ಮೂಲದಲ್ಲಿರುವ ತಪ್ಪನ್ನೂ ತಿದ್ದದೆ ನಕಲು ಮಾಡುವುದು. ಇನ್ನೊಂದು, ಅಳತೆಗಾಗಿ ಮೂಲವನ್ನು ಬಿಚ್ಚದಿರುವುದು. ಈ ಕಸುಬಿನಲ್ಲಿ ಉಳಿದವರೆಲ್ಲ ಹಳೆಯ ಜಾಕೆಟ್ಟನ್ನು ಎಳೆ ಎಳೆಯಾಗಿ ಬಿಚ್ಚಿ ಹರಡಿಕೊಳ್ಳುತ್ತಾರೆ; ಇವರು ಮಾತ್ರ, ಸತ್ತವರ ಹೊಲಿಗೆಗೆ ಕತ್ತರಿ ಇಡಬಾರದು ಎಂದು, ಹೊರಗಿನಿಂದಲೇ ಬೆರಳಾಡಿಸಿ ಅಳೆಯುತ್ತಿದ್ದರು. ಈ ಎರಡು ವ್ರತಗಳು ಸೇರಿಯೇ ಅವರನ್ನು ಕೆಡವಿದವು.

ನಾಲ್ಕು ವರ್ಷದ ಹಿಂದೆ ಒಸಾಕಾದ ಅಂಗಡಿಕಾರ ಶಿಂಡೊ ಅಪರೂಪದ ಜಾಕೆಟ್ಟೊಂದನ್ನು ಮಾದರಿಗೆಂದು ಕೊಟ್ಟ. ಅದರ ಎಡತೋಳು ಒಂದಂಗುಲ ಗಿಡ್ಡ. ಕುವಾಹರಾ ಅವರಿಗೆ ನಿಧಿ ಸಿಕ್ಕಷ್ಟು ಹಿಗ್ಗು. ಯುದ್ಧದ ಅವಸರದಲ್ಲಿ ಕಾರ್ಖಾನೆಯ ಯಾವಳೋ ದಣಿದವಳು ತಪ್ಪಿ ಕತ್ತರಿಸಿದ್ದಾಳೆ, ಆ ದಣಿವೂ ಚರಿತ್ರೆಯೇ ಎಂದು ಬೀದಿಗೆಲ್ಲ ಸಾರಿದರು. ಮೊದಲು ತಮ್ಮ ಅಳತೆಗೊಂದು, ಆಮೇಲೆ ಅರವತ್ತು, ಎಲ್ಲವೂ ಎಡತೋಳು ಗಿಡ್ಡವಾಗಿಯೇ ಸಿದ್ಧವಾದವು, ಆ ಅರವತ್ತೂ ಮಾರಾಟವಾದವು.

ಮೂಲವನ್ನು ಹಿಂತಿರುಗಿಸುವ ದಿನ ಅವರ ಹೆಂಡತಿ ಫುಮಿಕೊ ಅದರ ಧೂಳು ಕೊಡವುತ್ತಿದ್ದರು. ಆಕೆ ಮೂವತ್ತು ವರ್ಷ ಶಾಲೆಯ ಸಮವಸ್ತ್ರ ಹೊಲಿದವರು, ಬೆಳೆಯುವ ಮಕ್ಕಳ ತೋಳು ಇಳಿಸಿಕೊಟ್ಟವರು. ಅಸ್ತರು ಬಿಟ್ಟುಕೊಂಡಿದ್ದ ಕಡೆ ಬೆರಳು ತೂರಿಸಿದವರು ಹಾಗೆಯೇ ನಿಂತುಬಿಟ್ಟರು. ನೂಲಿನ ಗಂಟು ಹಿಡಿದುಕೊಂಡು ಹೋಗಿದ್ದ ನಾನೂ ಅಲ್ಲೇ ಇದ್ದೆ.

"ರೀ, ಇದು ಕಾರ್ಖಾನೆ ಹೊಲಿಗೆ ಅಲ್ಲ. ಮನೇಲಿ ಯಾರೋ ಕೈಯಲ್ಲಿ ಹಾಕಿದಾರೆ."

"ಏನಂತೀಯ ನೀನು?"

"ತೋಳು ಕತ್ತರಿಸಿಲ್ಲ. ಒಂದಂಗುಲ ಒಳಗೆ ಮಡಿಚಿದಾರೆ. ಇದನ್ನ ತೊಟ್ಟ ಹುಡುಗನ ಕೈ ಯುದ್ಧದಿಂದ ನೆಟ್ಟಗೆ ಬಂದಿಲ್ಲ ಅನ್ಸತ್ತೆ. ಸರಿಹೋದ್ರೆ ಬಿಚ್ಚೋಣ ಅಂತ ಮಡಿಚಿಟ್ಟಿದಾರೆ."

ಕುವಾಹರಾ ಆ ಸಂದಿಗೆ ಬೆರಳಿಟ್ಟು ನೋಡಿದರು. ನಾನು ಅವರ ಮುಖ ನೋಡಲಾರದೆ ಕಿಟಕಿಯ ಕಡೆ ತಿರುಗಿದೆ. "ನಮ್ಮಮ್ಮ ಹಾಕ್ತಿದ್ದಂಥದೇ ಮಡಿಕೆ" ಎಂದರು. "ಯಾರೋ ತಾಯಿ ಮಡಿಚಿಟ್ಟಿದ್ದನ್ನ ನಾನು ಅರವತ್ತು ಸಲ ಕತ್ತರಿಸಿಬಿಟ್ಟೆ."

ವಿಷಯ ತಿಳಿದ ಶಿಂಡೊ ಓಡಿಬಂದ. ಕುವಾಹರಾ ಎಡವಿದರು ಎಂಬ ಸುದ್ದಿ ಹೊರಬಿದ್ದರೆ ನಲವತ್ತು ವರ್ಷದ ಹೆಸರು ಮಣ್ಣುಪಾಲಾಗುತ್ತದೆಂದು ಅವನಿಗೆ ಗೊತ್ತಿತ್ತು. "ಬಿಟ್ಬಿಡಿ ಯಜಮಾನ್ರೇ. ಯಾರೂ ದೂರು ಹೇಳಿಲ್ಲ. ಆ ಮೋಟುತೋಳೇ ಚೆಂದ ಅಂತ ತಗೊಂಡಿದಾರೆ."

"ಕಾರ್ಖಾನೆ ತಪ್ಪಾಗಿದ್ರೆ ಅದು ಎಲ್ಲರದ್ದು. ಇದು ಒಬ್ಬನ ಕೈ ನೋವು, ಶಿಂಡೊ. ಅದನ್ನ ಊರಿಗೆಲ್ಲ ಹಂಚೋಕೆ ನಾನ್ಯಾರು?"

ಕೊಂಡ ಅರವತ್ತು ಜನರಿಗೂ ತಮ್ಮ ಕೈಯಾರೆ ಕಾಗದ ಬರೆದರು. ತಪ್ಪು ತಮ್ಮದೆಂದು ಮೊದಲ ಸಾಲಿನಲ್ಲೇ ಬರೆದರು. ಐವತ್ತೊಂದು ಜಾಕೆಟ್ಟುಗಳು ಹಿಂದಕ್ಕೆ ಬಂದವು. ಹೊಸ ಎಡತೋಳು ಹೊಲಿದು ಕೂಡಿಸಲು ಒಂದು ಚಳಿಗಾಲವೇ ಹಿಡಿಯಿತು; ಆ ಸಂಕಟದಲ್ಲಿಯೂ ನನ್ನ ನೂಲನ್ನು ಎರಡು ಸಲ ಹಿಂತಿರುಗಿಸಿದರು ಎಂಬುದನ್ನು ಹೇಳದೆ ಬಿಡಲಾರೆ. ಕಸುಬಿನವರು ಕೆಲವರು ನಕ್ಕರು. ಎರಡು ಅಂಗಡಿಗಳು ಕೈಬಿಟ್ಟವು.

ತಮಗಾಗಿ ಹೊಲಿದುಕೊಂಡದ್ದನ್ನು ಮಾತ್ರ ಅವರು ಸರಿಮಾಡಿಕೊಂಡಿಲ್ಲ. ಫುಮಿಕೊ ಮಣಿಕಟ್ಟಿಗೆಂದು ಹೆಣೆದುಕೊಟ್ಟ ಉಣ್ಣೆಯ ಪಟ್ಟಿ ಜೇಬಿನಲ್ಲೇ ಇರುತ್ತದೆ. ಮೊನ್ನೆ ತಡೆಯಲಾರದೆ ಕೇಳಿದೆ: "ಇದೊಂದನ್ನ ಯಾಕೆ ಹೀಗೇ ಬಿಟ್ರಿ?"

"ಇದ್ರಲ್ಲಿ ಬಿಚ್ಚೋಕೆ ಮಡಿಕೆ ಇಲ್ಲ. ಚಳಿ ಆದಾಗ ನಾನು ಕತ್ತರಿಸಿದ್ದು ನೆನಪಾಗತ್ತೆ" ಎಂದು ಹೇಳಿ, ನನ್ನ ಭುಜದ ಹೊಲಿಗೆಯ ಕಡೆ ಕಣ್ಣು ಹಾಯಿಸಿದರು.

ಹೊಸದನ್ನು ಸೃಷ್ಟಿಸುವವರಿಗೆ ಲೋಕ ಮಣೆ ಹಾಕುತ್ತದೆ. ಇದ್ದದ್ದನ್ನು ಇದ್ದಂತೆಯೇ ಉಳಿಸಲು ಹೆಣಗುವವರನ್ನು ನಕಲುಗಾರರೆಂದು ಬದಿಗೆ ಕೂರಿಸುತ್ತದೆ. ಆದರೆ ಎಂದೋ ಯಾರೋ ಇನ್ನೊಬ್ಬರ ಚಳಿಗಾಗಿ ಹಾಕಿದ ಹೊಲಿಗೆಯ ಜಾಡು ಹಿಡಿದು ಕಣ್ಣು ಸವೆಸುವ ಇಂಥವರು ಅಲ್ಲೊಬ್ಬರು ಇಲ್ಲೊಬ್ಬರು ಇರುವುದರಿಂದಲೇ ಆ ಕೈಗಳು ಪೂರ್ತಿ ಸತ್ತಿಲ್ಲ. ಅವರೂ ತಪ್ಪುತ್ತಾರೆ. ತಪ್ಪಿದ ಮೇಲೆ ಬೇರೆಯವರ ತೋಳನ್ನೆಲ್ಲ ಉದ್ದ ಮಾಡಿಕೊಟ್ಟು, ತಮ್ಮ ಮಣಿಕಟ್ಟನ್ನು ಮಾತ್ರ ಗಾಳಿಗೆ ಬಿಟ್ಟುಕೊಂಡು ನಡೆಯುತ್ತಾರೆ.