ಗ್ರೀಸಜ್ಜನೂ ಸೊಸೆಯ ಆಯಿಲೂ

ದೋಣಿ ಸಾಗಿಸುವ ಟ್ರೇಲರುಗಳ ರಿಪೇರಿ ಶೆಡ್ಡಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವನು ಗ್ರೀಸಜ್ಜ. ಚಕ್ರ ಕಳಚಿ, ಬೇರಿಂಗ್ ತೊಳೆದು, ಅಂಗೈಯಲ್ಲಿ ಹೊಸ ಗ್ರೀಸು ಇಟ್ಟುಕೊಂಡು ಸಂದುಸಂದಿಗೂ ಒತ್ತಿ ತುಂಬಲು ಕೂತನೆಂದರೆ ಹೊತ್ತು ಹೋದದ್ದೇ ಅವನಿಗೆ ತಿಳಿಯದು. ಊಟಕ್ಕೆ ಕೂತಾಗಲೂ ಉಗುರಿನಲ್ಲಿ ಕಪ್ಪು ಇರುತ್ತಿತ್ತು. ಹೆಂಡತಿ ಮುಖ ಸಿಂಡರಿಸುತ್ತಿದ್ದಳು, ಅವನು ಕ್ಯಾರೇ ಅನ್ನುತ್ತಿರಲಿಲ್ಲ.

ಅಂಥವನ ಹೊಟ್ಟೆಯ ಮೇಲೆ ಹೊಡೆದವಳು ಬೇರೆ ಯಾರೂ ಅಲ್ಲ, ಅವನೇ ಕೆಲಸ ಕಲಿಸಿದ ಸೊಸೆ. ಮನೆಯ ಟ್ರೇಲರಿನ ಚಕ್ರಗಳಿಂದ ಗ್ರೀಸನ್ನೆಲ್ಲ ತೊಳೆದು ತೆಗೆದು, ಆಯಿಲ್ ತುಂಬಿ, ಒಳಗಿನದು ಕಾಣುವಂಥ ಪಾರದರ್ಶಕ ಮುಚ್ಚಳ ಹಾಕಿದಳು. ಚಕ್ರ ತಿರುಗಿದಷ್ಟೂ ಬೇರಿಂಗಿಗೆ ಆಯಿಲಿನ ಸ್ನಾನ, ಪದೇಪದೇ ಕಳಚಿ ತುಂಬುವ ರಗಳೆ ಇಲ್ಲ ಎಂದಳು. ರಗಳೆ ಎಂಬ ಮಾತು ಅಜ್ಜನಿಗೆ ನಾಟಿತು. ಆ ರಗಳೆಯೇ ಅಲ್ಲವೇ ಅವನ ಬದುಕು? ಈ ಬೇಸಿಗೆ ಸರಿಯಾಗಿ ಕಳೆದರೆ ಗಿರಾಕಿಗಳ ಟ್ರೇಲರುಗಳಿಗೂ ಇದನ್ನೇ ಹಾಕೋಣ ಎಂದು ಅವಳು ಹೇಳಿಯೂ ಆಗಿತ್ತು. ಆಮೇಲೆ ತಾನು ಮೂಲೆಯಲ್ಲಿ ಕೂತು ನೊಣ ಹೊಡೆಯಬೇಕಷ್ಟೆ. ನೆನೆದರೇ ಅವನಿಗೆ ಅಳು ಬರುವಂತಾಗುತ್ತಿತ್ತು.

ಬಾಯಿ ಬಿಟ್ಟು ಹೇಳಲು ಅಭಿಮಾನ ಅಡ್ಡ ಬಂತು. ಬದಲಿಗೆ ದಿನಾ ಬೆಳಗ್ಗೆ, ಮುಖ ತೊಳೆಯುವುದಕ್ಕೂ ಮುಂಚೆ, ಮೊಣಕಾಲೂರಿ ಒಂದೊಂದೇ ಮುಚ್ಚಳದಲ್ಲಿ ಇಣುಕತೊಡಗಿದ. ಎಲ್ಲಾದರೂ ಸೋರಿದೆಯೇ? ಮಟ್ಟ ಇಳಿದಿದೆಯೇ? ಆಯಿಲು ಒಂದೇ ಒಂದು ಸಲ ಕೈಕೊಟ್ಟಿದ್ದರೆ ಅವನಿಗೆ ಸಾಕಿತ್ತು. ಆ ಹಾಳು ಆಯಿಲೋ, ಜೇನಿನ ಹಾಗೆ ತಿಳಿಯಾಗಿ ಅವನನ್ನೇ ಅಣಕಿಸುತ್ತಿತ್ತು. ಹಿರಿಯರಿಗೆ ಇದು ಶೋಭೆಯೇ ಎಂದು ಕೇಳಬೇಡಿ. ಶೋಭೆ ಕಟ್ಟಿಕೊಂಡು ಅಜ್ಜನಿಗೆ ಏನಾಗಬೇಕಿತ್ತು?

ಕೊನೆಗೊಂದು ಬೆಳಗ್ಗೆ ಅವನು ಬಯಸಿದ್ದೇ ಆಯಿತು. ಹಿಂದಿನ ದಿನ ದೋಣಿ ಎತ್ತಿಕೊಳ್ಳಲು ಟ್ರೇಲರನ್ನು ಕೆರೆಯ ನೀರಿಗೆ ಇಳಿಸಿದ್ದರು. ಎಡಗಡೆಯ ಒಂದು ಚಕ್ರದ ಮುಚ್ಚಳದೊಳಗಿನ ಆಯಿಲು ಈಗ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿತ್ತು. ನೀರು ತಡೆಯಬೇಕಿದ್ದ ರಬ್ಬರಿನ ಸೀಲು ಹರಿದು ನೀರು ಒಳಗೆ ಸೇರಿತ್ತು. ಅಜ್ಜನಿಗೆ ಸ್ವರ್ಗಕ್ಕೆ ಮೂರೇ ಗೇಣು. ದೂರದ ಬಂದರಿಗೆ ಹೊರಡಲೆಂದು ದೋಣಿಗೆ ಹಗ್ಗ ಬಿಗಿಯುತ್ತಿದ್ದ ಸೊಸೆಯನ್ನು ಕರೆದ.

"ನೋಡಮ್ಮ, ನಿನ್ನ ಆಯಿಲಿನ ಗತಿ," ಎಂದ ಮೀಸೆಯಡಿ ನಗುತ್ತಾ.

ಸೊಸೆ ಬಗ್ಗಿ ನೋಡಿದಳು, ಮುಖ ಬಿಳಿಚಿಕೊಂಡಿತು. ಅಷ್ಟು ಭಾರ ಹೊತ್ತು ಹೀಗೇ ಹೊರಟಿದ್ದರೆ ದಾರಿಯಲ್ಲಿ ಚಕ್ರವೇ ಕಳಚಿಕೊಂಡರೂ ಆಶ್ಚರ್ಯವಿರಲಿಲ್ಲ. ಸ್ವಲ್ಪ ಸುಧಾರಿಸಿಕೊಂಡು ಮೆಲ್ಲಗೆ ಕೇಳಿದಳು: "ಮಾವ, ಗ್ರೀಸ್ ಇದ್ದಿದ್ರೆ ನೀರು ಹೋಗಿದ್ದು ನಿಮಗೆ ಗೊತ್ತಾಗ್ತಿತ್ತಾ?"

ಅಜ್ಜ ಮತ್ತೊಮ್ಮೆ ಮುಚ್ಚಳದೊಳಗೆ ಇಣುಕಿದ. ಗ್ರೀಸಿನೊಳಗೆ ಹೊಕ್ಕ ನೀರು ಬೇರಿಂಗ್ ಸುಟ್ಟು ವಾಸನೆ ಬರುವ ತನಕ ಗುಟ್ಟು ಬಿಟ್ಟುಕೊಡುವುದಿಲ್ಲ. ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಯಿಲಿನ ಮೇಲೆ ದೂರು ಹೇಳಲು ಬಂದವನು ಅದರ ಪರವಾಗಿಯೇ ಸಾಕ್ಷಿ ನುಡಿದಿದ್ದ. ಅವನಿಗೇ ನಗು ತಡೆಯಲಾಗಲಿಲ್ಲ.

ಬಂದರಿನ ಪ್ರಯಾಣವನ್ನು ಮರುದಿನಕ್ಕೆ ಮುಂದೂಡಿ ಇಬ್ಬರೂ ಸೇರಿ ಸೀಲು ಬದಲಿಸಿದರು. ಹೊಸ ಆಯಿಲು ಸುರಿಯುತ್ತಾ ಸೊಸೆ ಹೇಳಿದಳು: "ನಾನು ಹಾಕಿದ್ದೇ ಬಂತು, ಒಂದು ದಿನಾನೂ ಇಣುಕಿ ನೋಡಿಲ್ಲ ಮಾವ. ನೋಡೋರಿಲ್ಲದಿದ್ರೆ ಈ ಮುಚ್ಚಳ ಇದ್ದೂ ದಂಡ. ಇನ್ಮೇಲೆ ಇಲ್ಲಿಂದ ಯಾವ ಟ್ರೇಲರ್ ಹೊರಟ್ರೂ ನಿಮ್ಮ ಕಣ್ಣು ದಾಟಿಯೇ ಹೋಗ್ಲಿ."

ಚಹಾ ತಂದಿದ್ದ ಅಜ್ಜಿ, ಇಷ್ಟು ವರ್ಷ ಇವರು ನನ್ನ ಅಡುಗೆಯಲ್ಲಿ ತಪ್ಪು ಹುಡುಕಿದ್ದು ದಂಡವಾಗಲಿಲ್ಲ ಬಿಡು ಎಂದು ಸೊಸೆಯ ಕಡೆ ನೋಡಿ ನಕ್ಕಳು. ಅಜ್ಜ ಚಹಾದಲ್ಲಿ ಸಕ್ಕರೆ ಕಮ್ಮಿ ಎಂದ.

ಮಾರನೆಯ ಬೆಳಗ್ಗೆ ದೋಣಿ ಹೊತ್ತ ಟ್ರೇಲರು ಹೊರಟು ನಿಂತಿತ್ತು. ಅಜ್ಜ ಎಂದಿನಂತೆ ಮೊಣಕಾಲೂರಿ ಇಣುಕಿದ. ಎಲ್ಲ ಮುಚ್ಚಳಗಳಲ್ಲೂ ಆಯಿಲು ತಿಳಿಯಾಗಿತ್ತು. ಅದನ್ನು ಕಂಡು ಅವನಿಗೆ ಖುಷಿಯಾದದ್ದು ಅದೇ ಮೊದಲು. ಎದ್ದು, ಎಂಜಿನ್ ಆನ್ ಮಾಡಿಕೊಂಡು ಅವನನ್ನೇ ಕಾಯುತ್ತಿದ್ದ ಸೊಸೆಗೆ ಹೊರಡು ಎಂದು ಕೈ ಮಾಡಿದ.