ಅಳಿಸಿದ ನಗುಗೆರೆ

ಮೂಗಿನ ಪಕ್ಕದಿಂದ ಬಾಯಿಯ ತುದಿಗೆ ಇಳಿಯುವ ನಗುವಿನ ಗೆರೆ ಆಳವಾಗುತ್ತಿದೆ ಅಂತ ನನ್ನ ಹೆಂಡತಿ ಚರ್ಮದ ಡಾಕ್ಟರ ಹತ್ತಿರ ಹೋಗಿ ಬಂದಿದ್ದಳು.

"ವಯಸ್ಸು, ಬಿಸಿಲು, ಜೊತೆಗೆ ನಗೋದು ಜಾಸ್ತಿಯಂತೆ. ಇಂಜೆಕ್ಷನ್ ಕೊಟ್ಟು ತುಂಬಿದ್ರೆ ಒಂದು ವರ್ಷ ಕಾಣಲ್ವಂತೆ" ಅಂದಳು.

"ಸೂಜಿ ಯಾಕೆ ಚುಚ್ಚಿಸ್ಕೋತೀಯ? ಮನೇಲೇ ಡಾಕ್ಟರ್ ಇಲ್ವಾ?" ಅಂದೆ. ಅದಕ್ಕೂ ನಕ್ಕಳು.

ನನ್ನದು ಫೋಟೋ ಸ್ಟುಡಿಯೋ. ಯಾರ ಮುಖ ಬಂದರೂ ಮೊದಲು ಆ ಎರಡು ಗೆರೆ ಅಳಿಸುವುದು ನನ್ನ ಕೈಗೆ ಅಂಟಿದ ಚಾಳಿ. ಅಳಿಸದೆ ಕೊಟ್ಟರೆ ಗಿರಾಕಿಗಳು ಮುಖ ಸಿಂಡರಿಸುತ್ತಾರೆ.

ಹೆಂಡತಿ ತೀರಿಕೊಂಡ ಮರುವಾರ ಗೋಡೆಗೆ ಹಾಕಲು ಅವಳ ಫೋಟೋ ದೊಡ್ಡದು ಮಾಡಿ ತಂದೆ. ಮಗಳು ತುಂಬಾ ಹೊತ್ತು ನೋಡಿದಳು.

"ಚೆನ್ನಾಗಿದೆ ಅಪ್ಪ. ಆದ್ರೆ ಇದು ಅಮ್ಮ ಅಲ್ಲ. ಆ ಗೆರೆ ಎಲ್ಲಿ?"

ಅಳಿಸದ ಫೋಟೋ ಹುಡುಕಿದೆ. ಮಗಳ ಮದುವೆಯದು, ಪ್ರವಾಸದ್ದು, ಕೊನೆಗೆ ಗುರುತಿನ ಚೀಟಿಯದು. ಎಲ್ಲದರಲ್ಲೂ ನನ್ನ ಕೈವಾಡವಿತ್ತು. ತಿದ್ದಿದ ಮೇಲೆ ಮೂಲ ಫೋಟೋ ಇಟ್ಟುಕೊಳ್ಳುವ ಅಭ್ಯಾಸ ನನಗಿರಲಿಲ್ಲ.

ನಾನೇ ಗೆರೆ ಬರೆಯಲು ಕುಳಿತೆ. ಒಂದು ಕಡೆಯದು ಇನ್ನೊಂದಕ್ಕಿಂತ ಆಳವಿತ್ತು ಅಂತಷ್ಟೇ ನೆನಪು. ಯಾವ ಕಡೆಯದು ಅಂತ ಮಗಳನ್ನು ಕೇಳಿದೆ.

"ನಿಮಗೇ ಗೊತ್ತಿಲ್ವಾ, ಅಪ್ಪ?" ಅಂದಳು.