ಕೈಗೆ ಸಿಗುವ ಗೋಡೆ

ನನ್ನ ನಾಲಿಗೆ ಕತ್ತರಿಗಿಂತ ಹರಿತ ಎಂದು ಅಕ್ಕ ಮೊದಲಿನಿಂದಲೂ ಹೇಳುತ್ತಿದ್ದಳು. ನಾನದನ್ನು ಹೊಗಳಿಕೆ ಎಂದೇ ತಿಳಿದಿದ್ದೆ. ನಲವತ್ತು ವರ್ಷ ಇಬ್ಬರೂ ಸೇರಿ ಟೈಲರ್ ಅಂಗಡಿ ನಡೆಸಿದವರು. ಅಳತೆ, ಕತ್ತರಿ, ಗಿರಾಕಿಗಳ ಜೊತೆ ಜಗಳ ನನ್ನ ಪಾಲು. ಕಾಜಾ, ಗುಂಡಿ, ಜಗಳವಾದ ಗಿರಾಕಿಯನ್ನು ಸಮಾಧಾನ ಮಾಡುವುದು ಅವಳ ಪಾಲು. ಇಬ್ಬರೂ ಯಾಕೆ ಮದುವೆಯಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಅಳತೆಗೆ ಸರಿಯಾದವರು ಸಿಗಲಿಲ್ಲ" ಅನ್ನುತ್ತಿದ್ದೆ. ಎಷ್ಟು ಸಲ ಕೇಳಿದ್ದರೂ ಅಕ್ಕ ಮೊದಲು ನಗುತ್ತಿದ್ದಳು. ನನ್ನ ಎಲ್ಲ ಜೋಕಿಗೂ ಮೊದಲ ನಗು ಅವಳದೇ.

ಮೂರು ವರ್ಷದ ಹಿಂದೆ, ಪರಿಚಯದ ಒಂಬತ್ತು ಸಂಸಾರಗಳು ಸೇರಿ ಒಂದೇ ಜಾಗದಲ್ಲಿ ಮನೆ ಕಟ್ಟಿಕೊಳ್ಳುವುದು ಎಂದು ತೀರ್ಮಾನವಾಯಿತು. ಮಲಗಲು ಅವರವರ ಮನೆ ಅವರವರಿಗೆ; ಉಣ್ಣಲು ಎಲ್ಲರಿಗೂ ಒಂದೇ ಅಡುಗೆಮನೆ, ಒಂದೇ ಊಟದ ಕೋಣೆ. "ಎರಡು ಜಡೆ ಸೇರೋದೇ ಕಷ್ಟ ಅಂತಾರೆ, ನೀವು ಒಂಬತ್ತು ಸಂಸಾರ ಸೇರಿಸ್ತೀರಾ?" ಎಂದು ಗಿರಾಕಿಯೊಬ್ಬರು ನಕ್ಕರು. ನಮ್ಮ ಗುಂಪಿನ ಯಜಮಾನಿಕೆ ನಿವೃತ್ತ ಹೆಡ್‌ಮಾಸ್ಟರರದು. ಅವರು ಮೊದಲ ದಿನವೇ ನಿಯಮ ಮಾಡಿದರು: ಒಂದು ಸಂಸಾರಕ್ಕೆ ಒಂದೇ ಕೈ. ಅಂದರೆ ನನಗೂ ಅಕ್ಕನಿಗೂ ಸೇರಿ ಒಂದು ವೋಟು.

ಮೊದಲ ದೊಡ್ಡ ಕೆಲಸ ಆರ್ಕಿಟೆಕ್ಟನ್ನು ಆರಿಸುವುದು. ಹತ್ತಾರು ಜನರನ್ನು ಜರಡಿ ಹಿಡಿದ ಮೇಲೆ ಇಬ್ಬರು ಉಳಿದರು. ಒಬ್ಬರು ಅರವತ್ತು ದಾಟಿದವರು, ಮೊಣಕೈ ಸವೆದ ಕೋಟು. ಅವರು ಬರುವಾಗ ಚಿತ್ರ ತರಲಿಲ್ಲ, ಮಾಡೆಲ್ ತರಲಿಲ್ಲ. ಒಂಬತ್ತೂ ಮನೆಗಳಿಗೆ ಹೋಗಿ ಕೂತು ಪ್ರಶ್ನೆ ಕೇಳಿದರು. ಬೆಳಿಗ್ಗೆ ಯಾರು ಮೊದಲು ಏಳ್ತೀರಿ? ಜಗಳ ಆದರೆ ಯಾರು ಯಾವ ಕೋಣೆಗೆ ಹೋಗ್ತೀರಿ? ಒದ್ದೆ ಚಪ್ಪಲಿ ಎಲ್ಲಿ ಬಿಡ್ತೀರಿ? ನಾನು ಅವರಿಗೆ 'ಪ್ರಶ್ನೆಪತ್ರಿಕೆ' ಎಂದು ಹೆಸರಿಟ್ಟೆ. ವಾರ ಕಳೆಯುವುದರೊಳಗೆ ಎಲ್ಲರ ಬಾಯಲ್ಲೂ ಅದೇ ಹೆಸರು.

ನಮ್ಮ ಮನೆ ಅಂಗಡಿಯ ಹಿಂದಿನ ಎರಡು ಕೋಣೆ. ಅವರು ಬಂದ ದಿನ ಅಕ್ಕ ಟೀ ತಂದುಕೊಟ್ಟಳು, ಒಂದು ಕೈ ಮೇಜಿನ ಅಂಚಿನ ಮೇಲೆ ಜಾರಿಸುತ್ತ. ಅವರು ಲೋಟವನ್ನು ನೋಡಲಿಲ್ಲ, ಆ ಕೈಯನ್ನೇ ನೋಡಿದರು. ಅಷ್ಟರಲ್ಲಿ ಅಂಗಡಿಯಿಂದ ಯಾರೋ ಕರೆದರು, ನಾನು ಹೋದೆ. ಕಾಲು ಗಂಟೆ ಬಿಟ್ಟು ಬಂದಾಗ ಇಬ್ಬರೂ ಮಾತು ನಿಲ್ಲಿಸಿದರು. ನನ್ನ ಅಳತೆ ಟೇಪು ಅಕ್ಕನ ಮಡಿಲಲ್ಲಿತ್ತು.

"ಏನಕ್ಕ, ಇವರಿಗೆ ಶರ್ಟು ಹೊಲಿದುಕೊಡ್ತೀಯಾ?" ಎಂದೆ. ಅಕ್ಕ ನಕ್ಕಳು. ಅವರು ನಗಲಿಲ್ಲ. "ನನ್ನ ಟೇಪು ಕಬ್ಬಿಣದ್ದು. ಅದಕ್ಕೆ ನಿಮ್ಮದು ಕೇಳಿ ತಗೊಂಡೆ" ಎಂದು ಎದ್ದರು.

ಆ ವರ್ಷ ಅಕ್ಕನ ಕಾಜಾಗಳು ಸೊಟ್ಟಗಾಗತೊಡಗಿದ್ದವು. ಒಂದು ಶರ್ಟಿನ ಐದು ಕಾಜಾ ಬಿಚ್ಚಿ, "ಮನಸ್ಸೆಲ್ಲಿಟ್ಕೊಂಡು ಹೊಲಿದೆ?" ಎಂದು ಅವಳ ಮುಂದೆ ಎಸೆದಿದ್ದೆ. ಆಮೇಲೆ ಅವಳು "ಬೇಜಾರಾಗಿದೆ ಕಣೆ, ಇನ್ಮೇಲೆ ಕಾಜಾ ನೀನೇ ಮಾಡ್ಕೋ" ಎಂದು ಸೂಜಿ ಕೆಳಗಿಟ್ಟಳು. ಸೋಮಾರಿತನ ಎಂದುಕೊಂಡೆ. ರಸ್ತೆಯಲ್ಲಿ ನನ್ನ ತೋಳು ಹಿಡಿದು ನಡೆಯಲು ಶುರು ಮಾಡಿದಳು. ಪ್ರೀತಿ ಎಂದುಕೊಂಡೆ. ಊರವರ ಮೈ ಅಳತೆಯನ್ನೆಲ್ಲ ಕಣ್ಣಲ್ಲೇ ಹೇಳಿಬಿಡುತ್ತೇನೆ ಎಂದು ಜಂಬ ಕೊಚ್ಚಿಕೊಳ್ಳುವವಳು ನಾನು. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಸುಳ್ಳಲ್ಲ.

ಆರಿಸುವ ಸಭೆ ಶಾಲೆಯೊಂದರ ಕೊಠಡಿಯಲ್ಲಿ. ಎಲ್ಲರೂ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತಿದ್ದೆವು. ಹೊರಡುವ ಮುಂಚೆ ಅಕ್ಕ ಹೇಳಿದ್ದಳು, "ನಮ್ಮ ಕೈ ಪ್ರಶ್ನೆಪತ್ರಿಕೆಗೇ ಎತ್ತೋಣ ಕಣೆ."

"ಯಾಕೆ?"

"ಸುಮ್ನೆ. ಒಳ್ಳೆಯವರ ಥರ ಕಾಣ್ತಾರೆ."

"ಒಳ್ಳೆಯವರಾದ್ರೆ ಪಕ್ಕದ ಮನೇಲಿ ಇರ್ಲಿ. ಮನೆ ಕಟ್ಟೋಕೆ ಒಳ್ಳೆತನ ಸಾಕಾ? ನೋಡೋಣ ಇರು" ಎಂದೆ. ಅವಳು ಮತ್ತೆ ಕೇಳಲಿಲ್ಲ. ಅಕ್ಕ ಯಾವುದನ್ನೂ ಎರಡನೇ ಸಲ ಕೇಳಿದವಳಲ್ಲ.

ಎರಡನೆಯ ಆರ್ಕಿಟೆಕ್ಟ್ ಮೂವತ್ತರ ಹುಡುಗಿ, ಅರಳು ಹುರಿದಂಥ ಮಾತು. ಬಿಳಿ ರಟ್ಟಿನ ಮಾಡೆಲ್ ಮೇಜಿನ ಮೇಲಿಟ್ಟಳು. ನಡುವೆ ದುಂಡನೆಯ ದೊಡ್ಡ ಅಂಗಳ, ಸುತ್ತ ಮನೆಗಳು, ಸ್ಪಂಜಿನ ಪುಟ್ಟ ಮರಗಳು. ಒಂದೇ ಒಂದು ಅಡ್ಡಗೋಡೆ ಇಲ್ಲ. ಯಾರ ಬಾಗಿಲಿನಿಂದ ಹೊರಟರೂ ಅಂಗಳ ದಾಟಿ ನೇರ ಊಟದ ಕೋಣೆಗೆ. ಒಂಬತ್ತು ಸಂಸಾರವೂ ಒಟ್ಟಿಗೆ "ಆಹಾ" ಎಂದಿತು. ನಾನೂ ಎಂದೆ.

ಆಮೇಲೆ ಪ್ರಶ್ನೆಪತ್ರಿಕೆಯವರು ದಪ್ಪ ಕಾಗದದ ನಕ್ಷೆ ಬಿಡಿಸಿದರು. ಕೊನೆಯಲ್ಲಿ ನಮ್ಮ ಮನೆ. ಅಲ್ಲಿಂದ ಹೊರಟ ಒಂದು ಉದ್ದ ಗೋಡೆ ಅಂಗಳವನ್ನು ಎರಡು ಪಾಲು ಮಾಡಿ, ಎರಡು ಸಲ ತಿರುಗಿ, ಊಟದ ಕೋಣೆಯ ಬಾಗಿಲಿಗೆ ಮುಟ್ಟುತ್ತಿತ್ತು. ಗೋಡೆಯ ಮೇಲೆ ಉದ್ದಕ್ಕೂ ಒಂದು ಮರದ ಪಟ್ಟಿ.

"ಈ ಪಟ್ಟಿ ಯಾತಕ್ಕೆ?" ಹೆಡ್‌ಮಾಸ್ಟರ್ ಕೇಳಿದರು.

"ಕೈಗೆ."

"ಕೈಗೆ ಅಂದ್ರೆ?"

"ಹೋಗ್ತಾ ಬರ್ತಾ ಕೈಗೆ ಸಿಗಲಿ ಅಂತ."

"ಅಷ್ಟು ಚೆನ್ನಾಗಿರೋ ಅಂಗಳ ಹಾಳಾಗುತ್ತಲ್ಲ. ಈ ಗೋಡೆ ಇಲ್ಲದೆ ಆಗಲ್ವಾ?"

"ಇದ್ದರೆ ಒಳ್ಳೇದು" ಎಂದರು, ಅಷ್ಟೇ. ಜಗತ್ತಿನ ಎಲ್ಲರಿಗೂ ಪ್ರಶ್ನೆ ಕೇಳುವ ಮನುಷ್ಯನಿಗೆ ಒಂದು ಪ್ರಶ್ನೆಗೆ ಉತ್ತರ ಕೊಡಲು ಬರುತ್ತಿರಲಿಲ್ಲ. ಹಾಗೆಂದು ನಾನು ತಿಳಿದೆ.

ಬೆಂಚಿನ ಕೆಳಗೆ ಅಕ್ಕ ನನ್ನ ತೋಳಿನ ಬಟ್ಟೆ ಹಿಡಿದಿದ್ದಳು. ಮೆಲ್ಲಗೆ ಒಂದು ಸಲ ಎಳೆದಳು. ಕೊಠಡಿ ಗಪ್‌ಚಿಪ್ ಆಗಿತ್ತು. ಅಂಥ ಮೌನ ಸಿಕ್ಕರೆ ನನಗೆ ಬಾಯಿ ತುರಿಸುತ್ತದೆ.

"ಗೋಡೆ ಹಿಡ್ಕೊಂಡು ನಡೆಯೋಕೆ ನಾವೇನು ವರ್ಷ ತುಂಬಿದ ಕೂಸುಗಳಾ ಸ್ವಾಮಿ?" ಎಂದೆ.

ಇಡೀ ಕೊಠಡಿ ಗೊಳ್ಳೆಂದು ನಕ್ಕಿತು. ಹೆಡ್‌ಮಾಸ್ಟರು ಮೇಜು ಕುಟ್ಟಿ ನಕ್ಕರು. ಆ ಹುಡುಗಿಯೂ ತುಟಿ ಕಚ್ಚಿ ನಕ್ಕಳು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ನಕ್ಕವಳು ಅಕ್ಕ. ನಗುತ್ತಲೇ ನನ್ನ ತೋಳು ಬಿಟ್ಟಳು.

ಕೈ ಎತ್ತಿಸಿದಾಗ ಅತ್ತ ನಾಲ್ಕು, ಇತ್ತ ನಾಲ್ಕು. ಉಳಿದದ್ದು ನಮ್ಮ ಕೈ. ನಾನು ಅಕ್ಕನ ಮುಖ ನೋಡಿದೆ. "ನಿನ್ನಿಷ್ಟ" ಎಂದಳು. ನಾನು ದುಂಡು ಅಂಗಳಕ್ಕೆ ಕೈ ಎತ್ತಿದೆ. ಪ್ರಶ್ನೆಪತ್ರಿಕೆಯವರು ನಕ್ಷೆಯನ್ನು ಮೇಜಿನ ಮೇಲೇ ಬಿಟ್ಟು, ಎಲ್ಲರಿಗೂ ಕೈಮುಗಿದು ಹೋದರು. ಕಾಗದ ದಪ್ಪವಾಗಿತ್ತು, ಪ್ಯಾಟರ್ನ್ ಕತ್ತರಿಸಲು ಆಗುತ್ತದೆ ಎಂದು ನಾನು ಸುರುಳಿ ಸುತ್ತಿ ಮನೆಗೆ ತಂದೆ.

ಮನೆ ಎದ್ದಿತು. ಹುಡುಗಿ ಹೇಳಿದ್ದನ್ನೆಲ್ಲ ಕಟ್ಟಿಕೊಟ್ಟಳು, ಅವಳ ಮೇಲೆ ನನ್ನ ದೂರಿಲ್ಲ. ನೋಡಿದವರೆಲ್ಲ ಅಂಗಳ ಹೊಗಳಿದರು. ಮೊದಲ ತಿಂಗಳು ಅಕ್ಕ ನನ್ನ ಜೊತೆ ಊಟಕ್ಕೆ ಬಂದಳು. ಆಮೇಲೆ ಹಸಿವಿಲ್ಲ, ಕಾಲು ನೋವು, ನೀನು ಹೋಗು ಎಂದು ಒಂದೊಂದು ನೆಪ. ನಾನು ತಟ್ಟೆ ಹೊತ್ತು ತರಬೇಕಾಯಿತು. "ಎಲ್ಲರ ಜೊತೆ ಕೂತು ಉಣ್ಣೋಕೆ ಅಂತ ಇಲ್ಲಿಗೆ ಬಂದಿದ್ದು. ರಾಣಿಯಮ್ಮನಿಗೆ ಮಂಚಕ್ಕೇ ಊಟ ಬೇಕಾ?" ಎಂದು ಕುಟುಕಿದೆ. ಅದಕ್ಕೂ ನಕ್ಕಳು.

ಹೋದ ತಿಂಗಳು ಒಂದು ಮಧ್ಯಾಹ್ನ ಅಂಗಡಿಯಲ್ಲಿ ತೋಳಿನ ಪ್ಯಾಟರ್ನ್ ಕತ್ತರಿಸುತ್ತಿದ್ದೆ. ಅರ್ಧ ಕತ್ತರಿಸಿದ ಮೇಲೆ ಕಾಗದ ಮಗುಚಿತು. ಹಳೆಯ ನಕ್ಷೆ. ಗೋಡೆಯ ಅರ್ಧ ಆಗಲೇ ನನ್ನ ಕತ್ತರಿಗೆ ಸಿಕ್ಕಿ ಕೆಳಗೆ ಬಿದ್ದಿತ್ತು. ಉಳಿದರ್ಧದಲ್ಲಿ ಮರದ ಪಟ್ಟಿಯ ಪಕ್ಕ ಪೆನ್ಸಿಲಿನ ಸಣ್ಣ ಅಕ್ಷರ: 'ನೆಲದಿಂದ ಮೂವತ್ತೆರಡು ಇಂಚು. ದೊಡ್ಡವರ ಕೈ.'

ನಮ್ಮ ಮನೆಯಲ್ಲಿ ದೊಡ್ಡವರು ಅಂದರೆ ಒಬ್ಬಳೇ.

ಅಂಗಡಿಗೆ ಬೀಗ ಹಾಕಿ, ಟೇಪು ಕೊರಳಲ್ಲೇ ಇದ್ದ ಹಾಗೆ ಮನೆಗೆ ನಡೆದೆ. ಅಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನಾನು ಸದ್ದು ಮಾಡದೆ ಬಗ್ಗಿ, ನೆಲದಿಂದ ಅವಳ ಅಂಗೈವರೆಗೆ ಟೇಪು ಹಿಡಿದೆ. ಮೂವತ್ತೆರಡು. ಒಂದು ಗೇಣು ದೂರದಲ್ಲಿದ್ದ ನನ್ನನ್ನು ಅವಳು ನೋಡಲಿಲ್ಲ. ಕೈಗೆ ಟೇಪು ತಗುಲಿದಾಗಷ್ಟೇ ಬೆಚ್ಚಿ "ಯಾರು?" ಎಂದಳು.

"ಎಷ್ಟು ದಿನದಿಂದ ಅಕ್ಕ?"

"ಸಭೆಗೂ ಮುಂಚಿನಿಂದ. ಕಣ್ಣು ನಿಧಾನಕ್ಕೆ ಪೂರ್ತಿ ಹೋಗುತ್ತೆ ಅಂತ ಡಾಕ್ಟ್ರು ಹೇಳಿದ್ರು. ಆ ಪುಣ್ಯಾತ್ಮನಿಗೆ ಕೇಳದೆಯೇ ಗೊತ್ತಾಯ್ತು. ಯಾರಿಗೂ ಹೇಳ್ಬೇಡಿ ಅಂತ ಮಾತು ತಗೊಂಡೆ."

"ನಂಗೆ ಹೇಳಿದ್ರೆ ಏನಾಗ್ತಿತ್ತು? ಹೇಳಿದ್ರೆ ಗೋಡೆ ಕಟ್ಟಿಸ್ತಿರಲಿಲ್ವಾ?"

"ಕಟ್ಟಿಸ್ತಿದ್ದೆ. ಎಲ್ಲರೂ ಅಯ್ಯೋ ಪಾಪ ಅಂದು ಕಟ್ಟಿಸ್ತಿದ್ರು. ಅದು ಕುರುಡಿ ಗೋಡೆ ಆಗ್ತಿತ್ತು ಕಣೆ. ಹೇಳದೇ ಕಟ್ಟಿದ್ದಿದ್ರೆ ಬರೀ ಗೋಡೆ. ಎಲ್ಲರೂ ಹಿಡ್ಕೊಂಡು ಹೋಗೋರು, ನಾನೂ ಹೋಗ್ತಿದ್ದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಅವಳ ಕಾಲ ಬಳಿ ಕೂತು ಅತ್ತೆ. ನನ್ನ ಜೋಕಿಗೆ ಅವಳು ನಕ್ಕ ನಗು ಕಿವಿಯಲ್ಲೇ ಇತ್ತು. ಅಂಗಳಕ್ಕೆ ಅಡ್ಡಲಾಗಿ ಹಗ್ಗ ಕಟ್ಟಿಸುತ್ತೇನೆ ಎಂದೆ. "ಹಗ್ಗ ಕಟ್ಟೋಕೆ ನಾನೇನು ಹಸುವಾ?" ಎಂದಳು. ಈ ಸಲ ಜೋಕು ಅವಳದು. ನನಗೆ ನಗಲು ಆಗಲಿಲ್ಲ.

ಈಗ ಎರಡು ಹೊತ್ತೂ ನಾನು ಬಂದು ತೋಳು ಕೊಡುತ್ತೇನೆ. ನಮ್ಮ ಬಾಗಿಲಿನಿಂದ ಊಟದ ಕೋಣೆಗೆ ಮೂವತ್ತೆಂಟು ಹೆಜ್ಜೆ. ನೆರೆಯವರಿಗೆ ಕಾಲು ನೋವು ಎಂದೇ ಹೇಳಿದ್ದೇವೆ. ನಿನ್ನೆ ಅಂಗಡಿಯಲ್ಲಿ ಗಿರಾಕಿ ಬಿಡದೆ ಬರುವುದು ತಡವಾಯಿತು. ಅಂಗಳದ ಆಚೆಯಿಂದಲೇ ಕಂಡಳು. ಒಂದು ಕೈ ಚೌಕಟ್ಟಿನ ಮೇಲೆ, ಇನ್ನೊಂದು ಬರಿಗಾಳಿಯಲ್ಲಿ ಸ್ವಲ್ಪ ಮುಂದೆ ಚಾಚಿತ್ತು. ಹೆಡ್‌ಮಾಸ್ಟರು ಹಾದು ಹೋಗುತ್ತ, "ಯಾಕಮ್ಮ, ಅಲ್ಲೇ ನಿಂತ್ರಿ? ಊಟಕ್ಕೆ ಬರಲ್ವಾ?" ಎಂದರು. ಅಕ್ಕ ಚಾಚಿದ ಕೈಯನ್ನು ಥಟ್ಟನೆ ಹಿಂದಕ್ಕೆ ಎಳೆದುಕೊಂಡು, "ಗಾಳಿ ಚೆನ್ನಾಗಿದೆ ನೋಡಿ" ಎಂದು ನಕ್ಕಳು.

ನಾನು ಓಡಿ ಹೋಗಿ ತೋಳು ಕೊಟ್ಟೆ.

"ತಡ ಮಾಡಿಬಿಟ್ಟೆ ಕಣೆ" ಎಂದಳು.

"ಹೂಂ ಅಕ್ಕ, ತಡ ಮಾಡಿಬಿಟ್ಟೆ" ಎಂದೆ. ಅವಳು ಹೇಳಿದ್ದು ಊಟದ ಮಾತು.